ಲಂಡನ್ನಿನಲ್ಲಿ ನಾನು ಆರಿಸಿಕೊಟ್ಟ ಕೋಣೆ

ನಿನ್ನೆ ಸಂಜೆ ಮೊಮ್ಮಗಳು ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದು ಒಂದು ಚಿತ್ರ ತೋರಿಸಿದಳು. ಬಾಲಿ ಎಂಬ ಊರಿನ ಯಾವುದೋ ಹೋಟೆಲಂತೆ. ಬಿಳಿ ಹಾಸಿಗೆಯ ನಟ್ಟನಡುವೆ ಟವೆಲನ್ನು ಮಡಚಿ, ತಿರುಚಿ, ಕೊಕ್ಕು ಬರಿಸಿ ಮಾಡಿದ ಎರಡು ಹಂಸಗಳು ಕೊರಳಿಗೆ ಕೊರಳು ತಾಗಿಸಿಕೊಂಡು ಕೂತಿದ್ದವು. ಮೈ ಒರೆಸುವ ಬಟ್ಟೆಯನ್ನು ಹಕ್ಕಿ ಮಾಡಿ ಕೂರಿಸಿದರೆ ಮನುಷ್ಯನಿಗೆ ಯಾವ ಸುಖವೋ ನನಗೆ ತಿಳಿಯದು. ಸ್ನಾನ ಮಾಡಿ ಬಂದವನು ಒರೆಸಿಕೊಳ್ಳಬೇಕಾದರೆ ಮೊದಲು ಅದರ ಕತ್ತು ಹಿಚುಕಬೇಕು.

"ಅಜ್ಜಾ, ಇದು ಬುಕ್ ಮಾಡಲಾ, ಇಲ್ಲಾ ಈ ದುಸ್ರಾ? ನೀವು ಎಕ್ಸ್‌ಪರ್ಟ್ ಅಲ್ವಾ" ಎಂದಳು. ಅವಳ ಕನ್ನಡ ಹಾಗೇ, ನಾಲ್ಕು ಹೆಜ್ಜೆಗೊಮ್ಮೆ ಹಿಂದಿಯ ಕೈ ಹಿಡಿಯುತ್ತದೆ. ಕಾಲು ನೋವೆಂದು ನೆಪ ಹೇಳಿ ನಾನು ಒಳಗೆ ಹೋಗಿ ಮಲಗಿದೆ.

ಎಕ್ಸ್‌ಪರ್ಟ್ ಎಂಬ ಬಿರುದು ನಮ್ಮ ಮನೆಯಲ್ಲಿ ನನಗೆ ಹೇಗೋ ಅಂಟಿಕೊಂಡಿದೆ. ಬೀಗರು ಬಂದಾಗಲೆಲ್ಲ ಮಗ ಹೇಳುತ್ತಾನೆ: ನಮ್ಮ ಅಪ್ಪ ಒಂದು ಕಾಲಕ್ಕೆ ಮುಂಬಯಿಯ ದೊಡ್ಡ ದೊಡ್ಡವರನ್ನೆಲ್ಲ ಫಾರಿನ್ನಿಗೆ ಕಳಿಸುತ್ತಿದ್ದರು. ಕೇಳಿದವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೌದಾ?" ಎನ್ನುತ್ತಾರೆ. ನಾನು ಮುಗುಳುನಕ್ಕು ಚಹಾದ ಬಟ್ಟಲು ಎತ್ತಿಕೊಳ್ಳುತ್ತೇನೆ. ಆ ಮುಗುಳುನಗೆಯೂ ಒಂದು ಸುಳ್ಳೇ. ನೀವು ಕೂತು ಕೇಳುವುದಾದರೆ ನಿಜ ಹೇಳಿಬಿಡುತ್ತೇನೆ. ಈ ವಯಸ್ಸಿನಲ್ಲಿ ಇನ್ನು ಯಾರ ಮುಂದೆ ಬಚ್ಚಿಟ್ಟುಕೊಳ್ಳಲಿ?

ಅರವತ್ತರ ದಶಕದ ಕೊನೆಗೆ, ಮ್ಯಾಟ್ರಿಕ್ ಪಾಸಾಗಿ, ಟೈಪಿಂಗ್ ಕಲಿತು ನಾನು ಗುಳೇದಗುಡ್ಡದಿಂದ ಮುಂಬಯಿಗೆ ಬಂದೆ. ಫೋರ್ಟಿನ ಒಂದು ಟ್ರಾವೆಲ್ ಆಫೀಸಿನಲ್ಲಿ ಗುಮಾಸ್ತನಾದೆ. ವಿದೇಶಕ್ಕೆ ಹವಾ ತಿನ್ನಲು ಹೊರಟ ಸಿರಿವಂತರಿಗೆ ಉಳಿಯಲು ಸುಖವಾದ ಜಾಗ ಆರಿಸಿಕೊಡುವುದೇ ನನ್ನ ಕೆಲಸ. ನಾನು ನೋಡಿದ ಅತಿ ದೂರದ ಊರು ಪುಣೆ. ಹೋಟೆಲಿನ ಹಾಸಿಗೆಯ ಮೇಲೆ ಅಲ್ಲಿಯವರೆಗೆ ನಾನು ಬೆನ್ನು ಇಟ್ಟವನಲ್ಲ. ಆದರೆ ನನ್ನ ಮೇಜಿನ ಮೇಲೆ ಇಡೀ ಯುರೋಪಿನ ಹೋಟೆಲುಗಳ ಬಣ್ಣದ ಪುಸ್ತಿಕೆಗಳು ರಾಶಿ ಬಿದ್ದಿರುತ್ತಿದ್ದವು. ಅವುಗಳಲ್ಲಿ ಪ್ರತಿ ಹೆಸರಿನ ಮುಂದೆ ಸಣ್ಣ ಸಣ್ಣ ಗುರುತುಗಳು: ಸ್ನಾನದ ತೊಟ್ಟಿಯ ಚಿತ್ರ ಇದ್ದರೆ ಬಚ್ಚಲು ಕೋಣೆಯೊಳಗೇ ಇದೆ ಎಂದು, ಪೆಟ್ಟಿಗೆಯೊಳಗೆ ಬಾಣ ಇದ್ದರೆ ಲಿಫ್ಟ್ ಇದೆ ಎಂದು. ಆರು ತಿಂಗಳಲ್ಲಿ ಅವೆಲ್ಲ ನನಗೆ ಬಾಯಿಪಾಠ.

ಆಮೇಲೆ ನನ್ನ ಗತ್ತು ನೋಡಬೇಕಿತ್ತು. "ಸರ್, ಆ ಕಡೆಯ ಕೋಣೆಗಳು ಸ್ವಲ್ಪ ಥಂಡಿ," ಎಂದು ಜಿನೀವಾದ ಬಗ್ಗೆ ಹೇಳುತ್ತಿದ್ದೆ, ಹೋದ ವಾರವಷ್ಟೇ ಅಲ್ಲಿಂದ ನೆಗಡಿ ಹಿಡಿಸಿಕೊಂಡು ಬಂದವನಂತೆ. ಅದೇ ಜಿನೀವಾದ ಹೋಟೆಲಿಗೆ ನಾನೊಮ್ಮೆ 'ಸಮುದ್ರದ ಕಡೆಯ ಕೋಣೆಯೇ ಬೇಕು' ಎಂದು ಖಡಕ್ಕಾಗಿ ಪತ್ರ ಬರೆದಿದ್ದೆ. ತಮ್ಮ ದೇಶಕ್ಕೆ ಸಮುದ್ರವಿಲ್ಲವೆಂದೂ, ಅದಕ್ಕಾಗಿ ವಿಷಾದಿಸುತ್ತೇವೆಂದೂ ಅವರು ವಿನಯದಿಂದ ಉತ್ತರ ಬರೆದರು. ತಪ್ಪನ್ನು ಗಿರಾಕಿಯ ತಲೆಗೆ ಕಟ್ಟಿ ನಾನು ಪಾರಾದೆ.

ಗಿರಾಕಿಗಳೂ ಸಾಮಾನ್ಯರಲ್ಲ. ರೋಮಿನಲ್ಲಿ ತಾವಿರುವ ಮಹಡಿಯಲ್ಲಿ ಯಾರೂ ಮಾಂಸ ತಿನ್ನಬಾರದು ಎಂದು ಒಬ್ಬ ಸೇಠ್. ಪ್ಯಾರಿಸ್ಸಿಗೆ ಹೋಗಿ ಬಂದು, ಅಲ್ಲಿಯ ದಿಂಬು ಮನೆಯ ದಿಂಬಿನಂತಿರಲಿಲ್ಲ ಎಂದು ಮುಕ್ಕಾಲು ಗಂಟೆ ದೂರಿದ ಒಬ್ಬ ಸೇಠಾಣಿ. ಮನೆಯ ದಿಂಬೇ ಬೇಕಿದ್ದರೆ ಮನೆಯಲ್ಲೇ ಮಲಗಬಹುದಿತ್ತಲ್ಲ ತಾಯೀ ಎಂದು ಗಂಟಲವರೆಗೆ ಬಂದದ್ದನ್ನು ನುಂಗಿ, "ಸಾರಿ ಮೇಡಂ" ಎನ್ನುತ್ತಿದ್ದೆ. ಸುಖ ಹುಡುಕಿಕೊಂಡು ಸಮುದ್ರ ದಾಟುವವರನ್ನು ಕಂಡರೆ ನನಗೆ ಒಳಗೊಳಗೇ ತಾತ್ಸಾರ. ಅವರಂತಾಗಬೇಕೆಂಬ ಆಸೆಯೂ ಅಷ್ಟೇ. ಎರಡೂ ಒಂದೇ ಹೊಟ್ಟೆಯಲ್ಲಿ ಇರುತ್ತವೆ, ನಿಮಗೂ ಗೊತ್ತಿರಬಹುದು.

ಸಂಜೆ ಆಫೀಸು ಬಿಟ್ಟು ಲೋಕಲ್ ಹಿಡಿದರೆ ನಾನು ಇಳಿಯುತ್ತಿದ್ದುದು ಪರೇಲಿನಲ್ಲಿ. ಮೂರು ಮಹಡಿಯ ಚಾಳು, ಒಂದು ಖೋಲಿಯಲ್ಲಿ ಐದು ಜನ, ಬೆಳಿಗ್ಗೆ ಎದ್ದರೆ ಕೈಯಲ್ಲಿ ಡಬ್ಬಿ ಹಿಡಿದು ಸಂಡಾಸಿನ ಸಾಲು. ಹಿಂದಿನ ದಿನವಷ್ಟೇ ಸ್ನಾನದ ತೊಟ್ಟಿ ಉದ್ದ ಸಾಲದು ಎಂದು ವಿಯೆನ್ನಾದ ಹೋಟೆಲೊಂದನ್ನು ಪಟ್ಟಿಯಿಂದ ಹೊಡೆದುಹಾಕಿದ್ದ ನಾನು, ಆ ಸಾಲಿನಲ್ಲಿ ಎಂಟನೆಯವನಾಗಿ ನಿಂತಿರುತ್ತಿದ್ದೆ. ಆಫೀಸಿನಲ್ಲಿ ಮಾತ್ರ, ಮಾಟುಂಗದಲ್ಲಿ ಮಾವನ ಬ್ಲಾಕಿನಲ್ಲಿ ಇರುತ್ತೇನೆ, ನನಗೇ ಒಂದು ಪ್ರತ್ಯೇಕ ಕೋಣೆ ಇದೆ ಎಂದು ಹೇಳಿಕೊಂಡಿದ್ದೆ. ಚಾಳಿನವನು ಸುಖದ ಬಗ್ಗೆ ಉಪದೇಶ ಮಾಡಿದರೆ ಯಾರು ಕೇಳುತ್ತಾರೆ?

ಆ ಚಾಳಿನಲ್ಲಿ ಬಸಲಿಂಗಪ್ಪ ಕಾಕಾ ಮತ್ತು ಗಂಗವ್ವ ಕಾಕು ಇದ್ದರು. ಸಂಬಂಧಿಕರಲ್ಲ, ನಮ್ಮ ಕಡೆಯವರು. ಕಾಕಾ ಮಿಲ್ಲಿನಲ್ಲಿ ಹತ್ತಿ ಹಿಂಜುವ ಖಾತೆಯಲ್ಲಿದ್ದ. ಇಪ್ಪತ್ತು ವರ್ಷ ಹತ್ತಿಯ ಧೂಳು ಕುಡಿದು ಅವನ ಎದೆ ಹಳೆಯ ತಿದಿಯಂತಾಗಿತ್ತು. ಕಾಕು ಮನೆಯಲ್ಲೇ ಸಣ್ಣ ಖಾನಾವಳಿ ನಡೆಸುತ್ತಿದ್ದಳು. ಐದಾರು ಜನಕ್ಕೆ ರೊಟ್ಟಿ, ಪಲ್ಯ, ಹಿಂಡಿ ಚಟ್ನಿ; ಆ ಐದಾರು ಜನರಲ್ಲಿ ನಾನೊಬ್ಬ. ಜ್ವರ ಬಂದರೆ ಗಂಜಿ ಕಾಯಿಸಿ ನನ್ನ ಖೋಲಿಗೆ ಕಳಿಸುವಳು. ಕಾಕಾ ನನ್ನನ್ನು ಕರೆಯುತ್ತಿದ್ದುದು "ಲೇ ತಮ್ಮಾ" ಎಂದು.

ಮೊದಲು ಅವರ ಖೋಲಿ ಎರಡನೆಯ ಮಹಡಿಯಲ್ಲಿತ್ತು, ಗಾಳಿ ಬೆಳಕು ಚೆನ್ನಾಗಿ ಇರುವ ಖೋಲಿ. ನಮ್ಮದು ನೆಲಮಟ್ಟದಲ್ಲಿ, ಸಂಡಾಸಿನ ಗೋಡೆಗೆ ಅಂಟಿಕೊಂಡದ್ದು. ಕಾಕಾನಿಗೆ ಮೆಟ್ಟಿಲು ಹತ್ತುವುದು ಆಗದೆ ಹೋದಾಗ, ಅವನೇ ನಮ್ಮಲ್ಲಿಗೆ ಬಂದು, "ಖೋಲಿ ಅದಲಾಬದಲಿ ಮಾಡೂಣೇನ್ರಲೇ?" ಎಂದು ಕೇಳಿದ. ನಾವು ಕುಣಿದಾಡಿದೆವು. ಅವರ ಟ್ರಂಕು, ಬೀಸುಕಲ್ಲು, ದೇವರ ಪಟ ಎಲ್ಲವನ್ನೂ ಹೊತ್ತು ಕೆಳಗಿಳಿಸಿದವನು ನಾನೇ. ಆ ದಿನ ಕಾಕಾ ಕೊನೆಯ ಸಲ ಮೆಟ್ಟಿಲಿಳಿದಾಗ ಪ್ರತಿ ತಿರುವಿನಲ್ಲೂ ಕೂತ, ನಾನು ಪಕ್ಕದಲ್ಲಿ ನಿಂತೆ. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು. ನನಗೆ ಗೊತ್ತಿರಲಿಲ್ಲ ಎಂದು ಹೇಳಲು ಯಾವ ದಾರಿಯೂ ಇಲ್ಲ.

ಎಪ್ಪತ್ತರ ದಶಕ ಶುರುವಾದ ಮೇಲೆ ಒಂದು ಚಹಾಪುಡಿ ಕಂಪನಿಯವರು ಸ್ಪರ್ಧೆ ಇಟ್ಟರು. ಪೊಟ್ಟಣದ ತಲೆ ಕತ್ತರಿಸಿ ಕೂಡಿಡಬೇಕು, 'ಈ ಚಹಾ ನನಗೇಕೆ ಇಷ್ಟ' ಎಂದು ಎರಡು ಸಾಲು ಇಂಗ್ಲಿಷಿನಲ್ಲಿ ಬರೆದು ಕಳಿಸಬೇಕು. ಗೆದ್ದ ಗಂಡಹೆಂಡಿರಿಗೆ ಎಂಟು ದಿನ ಲಂಡನ್ ಪ್ರವಾಸ. ಖಾನಾವಳಿಯಲ್ಲಿ ಪೊಟ್ಟಣಗಳಿಗೇನು ಬರ? ಕಾಕು ಅವನ್ನು ಡಬ್ಬಿ ತುಂಬ ಇಟ್ಟಿದ್ದಳು. ಬರೆದುಕೊಡು ಎಂದು ನನ್ನ ಮುಂದೆ ಕೂತಳು.

"ನೀ ಏನ್ ಬರೀಬೇಕಂತಿ ಹೇಳು ಕಾಕು."

"ಏನ್ ಹೇಳ್ಲೋ ಎಪ್ಪಾ? ಪಾಳಿ ಮುಗಿಸಿ ಬಂದಾಂವ ಮೊದಲನೇ ಕಪ್ ಕುಡಿಯೂತನಾ ಮಿಲ್ಲಿನವರ ಆಳು. ಕುಡದ ಮ್ಯಾಲ ನನ್ನ ಗಂಡ. ಇಷ್ಟ ನೋಡು."

ಕಾಕಾ ಹಿಂದಿನಿಂದ, "ಏ, ನನ್ನ ಮಾನಾ ಕಂಪನಿಗೆ ಕಳಸ್ತಿಯೇನು?" ಎಂದು ನಕ್ಕ, ನಕ್ಕು ಕೆಮ್ಮಿದ. ಅವಳ ಮಾತನ್ನು ನಾನು ಇಂಗ್ಲಿಷಿಗೆ ತಿರುಗಿಸಿ ಟೈಪು ಮಾಡಿ ಕಳಿಸಿದೆ. ಎರಡು ತಿಂಗಳಿಗೆ ಉತ್ತರ ಬಂತು. ಅವರು ಗೆದ್ದಿದ್ದರು.

ಚಾಳಿಗೆ ಚಾಳೇ ಪೇಢೆ ತಿಂದಿತು. ನಾನೂ ತಿಂದೆ. ಜಗತ್ತಿನ ಹೋಟೆಲುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡವನು ನಾನು, ಆ ಎರಡು ಸಾಲು ಬರೆದವನು ನಾನು, ವಿಮಾನ ಹತ್ತುವವರು ಇವರು! ಬರೆದದ್ದು ನಾನೇ ಎಂದು ಖೋಲಿಯ ಗೆಳೆಯರಿಗೆ ಹತ್ತು ಸಲ ಹೇಳಿದೆ. ಸ್ಪೆಲ್ಲಿಂಗ್ ಬಿಟ್ಟರೆ ಅದರಲ್ಲಿ ನನ್ನದೇನೂ ಇರಲಿಲ್ಲವೆಂದು ಒಪ್ಪಿಕೊಳ್ಳಲು ನನಗೆ ಮುದುಕನಾಗಬೇಕಾಯಿತು.

ಚಹಾ ಕಂಪನಿಯವರು ಆ ಪ್ರವಾಸದ ವ್ಯವಸ್ಥೆಯನ್ನು ಒಪ್ಪಿಸಿದ್ದು ನಮ್ಮ ಆಫೀಸಿಗೇ. ಒಂದು ಮಧ್ಯಾಹ್ನ ತಲೆ ಎತ್ತುತ್ತೇನೆ, ಗಾಜಿನ ಬಾಗಿಲು ದೂಡಿಕೊಂಡು ಕಾಕಾ ಕಾಕು ಒಳಗೆ ಬರುತ್ತಿದ್ದಾರೆ. ಕಾಕು ಇಳಕಲ್ ಸೀರೆ ಉಟ್ಟಿದ್ದಳು, ಕಾಕಾ ಯಾರದೋ ಕೋಟು ತೊಟ್ಟಿದ್ದ. ನನ್ನನ್ನು ಕಂಡದ್ದೇ ಕಾಕುವಿನ ಮುಖ ಅರಳಿತು.

"ಅಯ್ಯ ತಮ್ಮಾ, ಇಲ್ಲೇ ಏನೋ ನೀ ಕುಂದ್ರೂದು? ಎಷ್ಟ ಥಂಡಗೈತೋ!"

ಇಡೀ ಆಫೀಸು ತಿರುಗಿ ನೋಡಿತು. ಮ್ಯಾನೇಜರ್ ಪಿಂಟೋ ಸಾಹೇಬರು ಒಳಗಿನಿಂದ ಬಂದು ಇಂಗ್ಲಿಷಿನಲ್ಲಿ ಕೇಳಿದರು: ಇವರು ನಿನಗೆ ಗೊತ್ತೇ?

"ನೋ ಸರ್," ಎಂದೆ. "ಭಾಷೆ ಒಂದೇ, ಅಷ್ಟೇ."

ಕಾಕುವಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಕಾಕಾ ಮಿಲ್ಲಿನಲ್ಲಿ ಇಪ್ಪತ್ತು ವರ್ಷ ಸಾಹೇಬರ ಮುಂದೆ ನಿಂತವನು. ನೋ ಸರ್ ಎಂದರೇನೆಂದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಕೈ ಜೋಡಿಸಿ, "ನಮಸ್ಕಾರ್ರೀ ಸಾಹೇಬ್ರ," ಎಂದ.

ಅವನು ಅಣಕಿಸಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅಣಕ ಇರಲಿಲ್ಲ. ಪಕ್ಕದಲ್ಲಿ ಏನೋ ಹೇಳಹೊರಟ ಕಾಕುವಿನ ಮುಂಗೈಯನ್ನು ಅವನು ಮೆಲ್ಲಗೆ ಒತ್ತಿದ್ದು ಮೇಜಿನ ಈಚೆಗಿದ್ದ ನನಗೆ ಕಂಡಿತು.

ಪಿಂಟೋ ಸಾಹೇಬರು ಒಳ್ಳೆಯವರೇ. ಕೋಣೆಯ ಬಗ್ಗೆ ಏನಾದರೂ ಬೇಕಿದೆಯೇ, ಅವರ ಭಾಷೆಯಲ್ಲೇ ಕೇಳು ಎಂದರು. ಕೇಳಿದೆ, ಬಹುವಚನದಲ್ಲಿ, ಅಪರಿಚಿತರನ್ನು ಕೇಳುವಂತೆ.

"ಇವರಿಗಿ ಪಾವಟಗಿ ಹತ್ತಾಕ..." ಎಂದು ಕಾಕು ಬಾಯಿ ತೆರೆದಳು.

"ಏನ ಬ್ಯಾಡ್ರೀ ಸಾಹೇಬ್ರ," ಎಂದು ಕಾಕಾ ತಡೆದ. "ಹ್ಯಾಂಗಿದ್ರೂ ನಡೀತೈತ್ರಿ. ನಿಮಗ ಚಲೋ ಅನಿಸಿದ್ದ ಮಾಡ್ರಿ."

ಹೇಗಿದ್ದರೂ ನಡೆಯುತ್ತದಂತೆ ಎಂದು ನಾನು ಪಿಂಟೋ ಸಾಹೇಬರಿಗೆ ತಿಳಿಸಿದೆ. ಕಾಕುವಿನ ಅರ್ಧ ಮಾತನ್ನು ನುಂಗಿಬಿಟ್ಟೆ. ಪಾವಟಗಿ ಎಂದರೆ ಮೆಟ್ಟಿಲು. ನಮ್ಮ ಕಡೆಯ ಮಾತು, ನನಗೆ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ.

ಅವರು ಹೋದ ಮೇಲೆ ಮೇಜಿನ ಮೇಲೆ ಎರಡು ಪುಸ್ತಿಕೆ ಉಳಿದವು. ಒಂದು ಊರಿನಿಂದ ಸ್ವಲ್ಪ ದೂರದ, ಸಪ್ಪೆ ಮುಖದ ಹೋಟೆಲು. ಪೆಟ್ಟಿಗೆಯೊಳಗೆ ಬಾಣದ ಗುರುತು ಇತ್ತು. ಇನ್ನೊಂದು ನಡು ಲಂಡನ್ನಿನದು. ಅದರ ಮುಖಪುಟದಲ್ಲಿ ಕೆಂಪು ಜಮಖಾನೆ ಹಾಸಿದ ಭಾರೀ ಮೆಟ್ಟಿಲಿನ ಚಿತ್ರ. ಖಾಲಿ ಇದ್ದದ್ದು ನಾಲ್ಕನೆಯ ಮಹಡಿಯ ಕೋಣೆ. ಬಾಣದ ಗುರುತು ಇರಲಿಲ್ಲ. ನಾನು ಎರಡನೆಯದಕ್ಕೆ ಪತ್ರ ಟೈಪು ಮಾಡಿದೆ. ಪಾಪ, ಮಿಲ್ಲಿನ ಜನ, ಒಂದು ಸಲವಾದರೂ ನಡು ಪೇಟೆಯಲ್ಲಿ ಇರಲಿ ಎಂದು ನನಗೆ ನಾನೇ ಹೇಳಿಕೊಂಡೆ. ಲಿಫ್ಟಿನ ವಿಷಯ ಮರೆತೇ ಹೋಯಿತು ಎಂದು ಆಮೇಲೆ ಎಷ್ಟೋ ವರ್ಷ ಹೇಳಿಕೊಂಡೆ. ಮರೆತಿರಲಿಲ್ಲ. ಆ ಗುರುತು ಇರಬೇಕಾದ ಜಾಗವನ್ನು ನೋಡಿ, ಖಾಲಿ ಇದೆ ಎಂದು ತಿಳಿದೇ, ಟೈಪ್‌ರೈಟರಿಗೆ ಕಾಗದ ಹಾಕಿದೆ. ನಾಲ್ಕು ವರ್ಷ ನನಗೆ ಅನ್ನ ಹಾಕಿದವರ ಮೇಲೆ ಅವತ್ತು ನನಗಿದ್ದದ್ದು ಸಿಟ್ಟು. ಅವರು ನನ್ನ ನಿಜವಾದ ವಿಳಾಸ ಗೊತ್ತಿದ್ದವರು, ಅದೇ ಸಿಟ್ಟು.

ಅವರು ಹೋಗಿ ಬಂದರು. ಚಾಳಿನ ಅಂಗಳದಲ್ಲಿ ಜನ ಮುತ್ತಿಕೊಂಡರು. ನನ್ನ ಖೋಲಿಯ ಮೆಹಬೂಬ್, ಬೈಕುಲ್ಲಾದಲ್ಲಿ ಟೇಲರ್ ಆಗಿದ್ದ ಬಿಜಾಪುರದವನು, ಮುಂದೆಯೇ ಕೂತಿದ್ದ.

"ಕಾಕಾ, ರಾಣೀ ಸೇ ಮುಲಾಖಾತ್ ಹುಯೀ ಕ್ಯಾ?"

"ಆಗಿತ್ತಪಾ. ನಿನಗ ಒಂದ್ ಝಂಪರ್ ಹೊಲಿಯಾಕ ಹೇಳ್ಯಾಳ. ಅಳತಿ ತರೂದ ಮರತೆ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಕಾಕಾ ಹೇಳುತ್ತಾ ಹೋದ. ಹೊಳೆಯ ನೀರು ನಮ್ಮ ಮಲಪ್ರಭೆಯಂತೆ ಕೆಂಪಗೆ ರಾಡಿ. ಒಬ್ಬ ಮುದುಕ ಟೋಪಿ ಬೋರಲು ಹಾಕಿ ಅದರಲ್ಲಿ ಪಾರಿವಾಳಕ್ಕೆ ಕಾಳು ಇಡುತ್ತಿದ್ದ. ಬರೀ ಗುಂಡಿ ಮಾರುವ ಒಂದು ಅಂಗಡಿ, ಗೋಡೆ ತುಂಬ ಗುಂಡಿ. ನಾನು ಗುಂಪಿನ ಹಿಂದೆ ನಿಂತಿದ್ದೆ. ನನ್ನ ಕಣ್ಣು ಬಾಗಿಲ ಬಳಿ ಬಿಟ್ಟ ಜೋಡುಗಳ ಮೇಲೆ ಹೋಯಿತು. ಪ್ರವಾಸಕ್ಕೆಂದೇ ಕೊಂಡ ಕಾಕಾನ ಬೂಟು ಪಕ್ಕಕ್ಕೆ ವಾಲಿ ಬಿದ್ದಿತ್ತು. ಅಡಿ ಹೊಚ್ಚ ಹೊಸದು, ಒಂದು ಗೀರೂ ಇರಲಿಲ್ಲ. ಕಾಕುವಿನ ಚಪ್ಪಲಿ ಮಾತ್ರ ಸವೆದು, ಹೆಬ್ಬೆರಳಿನ ಪಟ್ಟಿ ಕಿತ್ತು, ದಾರದಿಂದ ಹೊಲಿದಿತ್ತು. ಕಾಕಾ ಏನೂ ನೋಡಿಲ್ಲ, ಕಟ್ಟಿ ಹೇಳುತ್ತಿದ್ದಾನೆ ಎಂದುಕೊಂಡೆ. ಸಮಾಧಾನವಾಯಿತು ಎಂದು ಹೇಳಿಕೊಳ್ಳಲು ನಾಚಿಕೆ, ಆದರೆ ಆದದ್ದು ಅದೇ.

"ಕೋಣೆ ಹೆಂಗಿತ್ತು ಕಾಕಾ?" ಎಂದು ಕೇಳಿದೆ.

"ಮ್ಯಾಲ ಇತ್ರಿ. ಗಾಳಿ ಚಲೋ ಬರ್ತಿತ್ರಿ ಸಾಹೇಬ್ರ."

ಚಾಳಿನಲ್ಲೂ ಅವನು ನನ್ನನ್ನು ಸಾಹೇಬ್ರ ಎಂದೇ ಕರೆಯತೊಡಗಿದ್ದ. ಉಳಿದವರು ತಮಾಷೆ ಎಂದುಕೊಂಡು ತಾವೂ ಹಾಗೇ ಕರೆದರು. ಸಾಯುವತನಕ ಅವನ ಬಾಯಲ್ಲಿ ಮತ್ತೆ "ಲೇ ತಮ್ಮಾ" ಬರಲಿಲ್ಲ. ನನ್ನ ತಾಟಿಗೆ ರೊಟ್ಟಿ ಬೀಳುವುದೂ ನಿಲ್ಲಲಿಲ್ಲ.

ಕಾಕಾ ತೀರಿಕೊಂಡದ್ದು ಲಂಡನ್ನಿನಿಂದ ಬಂದ ಮೂರನೆಯ ವರ್ಷ. ಕಾಕು ಇಳಕಲ್ಲಿಗೆ, ಅಣ್ಣನ ಮನೆಗೆ ಹೊರಟಳು. ಹಾಸಿಗೆ ಕಟ್ಟಿಕೊಡಲು ಹೋದವನು ಹಗ್ಗ ಕೈಯಲ್ಲಿ ಹಿಡಿದುಕೊಂಡೇ ಎಲ್ಲ ಹೇಳಿಬಿಟ್ಟೆ. ನೋ ಸರ್, ಎರಡು ಪುಸ್ತಿಕೆ, ಬಾಣದ ಗುರುತು. ಅವಳು ಅಳಲಿಲ್ಲ, ಬೆರಗಾಗಲೂ ಇಲ್ಲ.

"ಗೊತ್ತೈತಿ," ಎಂದಳು. "ಅವತ್ತ ಹೊರಗ ಬಂದ ಕೂಡಲೇ ನಾ ಸಿಟ್ಟಿಗೆದ್ದೆ. ಅವರಂದ್ರು, ಹುಡುಗನ ನೌಕರಿ ಐತಿ, ಅಲ್ಲಿ ಏನೇನ್ ಹೇಳ್ಯಾನೋ ಏನೋ, ನಾವ್ ಯಾಕ ಅವನ ಮಾನಾ ಕಳಿಯೂನು, ಸುಮ್ನಿರು ಅಂತ."

"ಕೋಣಿ..." ಎಂದೆ.

"ನಾಕ ಮಜಲು. ಮೊದಲನೇ ದಿನ ಕುಂತು ಕುಂತು ಹತ್ತಿದ್ರು. ಹಾಸಗಿ ಮ್ಯಾಲ ಬಿದ್ದು, ಗಂಗಾ, ಇನ್ನ ನಾ ಇಳದ್ರ ಊರಿಗಿ ಹೋಗಾಕ ಇಳೀತೀನಿ ಅಂದ್ರು. ನೀ ನೋಡಿ ಬಾ, ಬಂದು ನನಗ ಹೇಳು ಅಂದ್ರು. ಹೋಟೆಲಿನ ಚೀಟಿ ಕೈಯಾಗ ಹಿಡಕೊಂಡು, ಸೀರಿ ಮ್ಯಾಲ ಅವರ ಕೋಟ್ ಹಾಕ್ಕೊಂಡು ಹೋದೆ. ಒಂದಿನಾ ಮೂಲಿತನಾ, ಮರುದಿನಾ ಹೊಳಿತನಾ. ಗುಂಡಿ ಅಂಗಡಿ, ಆ ಪಾರಿವಾಳದ ಮುದುಕ, ಎಲ್ಲಾ ನಾ ನೋಡಿದ್ದು. ಬಂದು ಹೇಳೂತನಾ ಕಿಡಕ್ಯಾಗ ಕಾಯ್ಕೋಂತ ಕುಂದರ್ತಿದ್ರು. ಒಂದ ಮಾತ ಬಿಡದಂಗ ಕೇಳ್ತಿದ್ರು."

ಅಂಗಳದಲ್ಲಿ ಕಾಕಾ ಕಟ್ಟಿ ಹೇಳುತ್ತಿದ್ದಾನೆ ಎಂದು ನಾನು ಒಳಗೇ ನಕ್ಕಿದ್ದೆನಲ್ಲ. ರಾಣಿಯ ತಮಾಷೆ ಬಿಟ್ಟರೆ ಅದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ.

"ತಪ್ಪಾತು ಕಾಕು," ಎಂದೆ.

"ತಪ್ಪ ಆಗಿಲ್ಲೋ, ನೀ ಮಾಡಿದಿ. ಪಾವಟಗಿ ಹೋಗ್ಲಿ ಬಿಡು. ಅವರು ಕೈ ಮುಗದ್ರಲ್ಲ ನಿನಗ, ಆಗ ನೀ ಕುಂತ ಇದ್ದಿ. ಏಳಲಿಲ್ಲ ನೀನು." ಹಾಸಿಗೆಯ ಸುರುಳಿಯನ್ನು ನನ್ನತ್ತ ದೂಡಿ, "ಹಗ್ಗಾ ಬಿಗಿ ಕಟ್ಟು, ರೈಲಿನ್ಯಾಗ ಬಿಚ್ಚೀತು," ಎಂದಳು.

ಕ್ಷಮಿಸಿದ್ದೇನೆ ಎಂದು ಅವಳು ಹೇಳಲಿಲ್ಲ. ಸ್ಟೇಶನ್ನಿನಲ್ಲೂ ಹೇಳಲಿಲ್ಲ. ಆಮೇಲೆ ನಾನು ಆ ಆಫೀಸಿನಲ್ಲೇ ಇಪ್ಪತ್ತೈದು ವರ್ಷ ದುಡಿದು, ಇನ್ನೂ ಸಾವಿರಾರು ಜನಕ್ಕೆ ಕೋಣೆ ಆರಿಸಿ, ಡೊಂಬಿವಲಿಯಲ್ಲಿ ಲಿಫ್ಟ್ ಇರುವ ಬಿಲ್ಡಿಂಗಿನಲ್ಲಿ ಮನೆ ಮಾಡಿಕೊಂಡೆ. ಎಕ್ಸ್‌ಪರ್ಟ್ ಅನ್ನಿಸಿಕೊಂಡೆ.

ಇಂದು ಬೆಳಿಗ್ಗೆ ಮೊಮ್ಮಗಳನ್ನು ಕೂರಿಸಿಕೊಂಡು ಇದನ್ನೆಲ್ಲ ಹೇಳಿದೆ. ಅವಳಿಗೆ ತಿಳಿಯದ ಮಾತುಗಳನ್ನು ಹಿಂದಿಯಲ್ಲಿ ಹೇಳಿದೆ, ನನ್ನ ತಪ್ಪನ್ನು ಎರಡೂ ಭಾಷೆಯಲ್ಲಿ ಹೇಳಿದೆ. ಅವಳು, "ಅಜ್ಜಾ, ನೀವು ಹಾಗೆ ಮಾಡಿದ್ರಾ?" ಎಂದಳು. ಹೌದು ಎಂದೆ. ಅವಳ ಕಣ್ಣಲ್ಲಿ ನಾನು ಒಂದಷ್ಟು ಕೆಳಗಿಳಿದದ್ದು ನನಗೇ ಕಂಡಿತು. ಇಳಿಯಲಿ.

ಬಾಲಿಗೆ ಯಾರು ಯಾರು ಎಂದು ಕೇಳಿದೆ. ಅವಳು, ಗಂಡ, ಮತ್ತು ಅತ್ತೆ. ಅತ್ತೆ ಕಾರ್ಕಳದ ಕಡೆಯವರು, ಈಗ ಠಾಣೆಯಲ್ಲಿದ್ದಾರೆ. ಮೊದಲು ಅವರಿಗೆ ಫೋನ್ ಮಾಡು ಎಂದೆ. ಮಾಡಿದಳು. "ನನಗೆ ಎಂತ ಮಗಾ, ಎಲ್ಲಿಯೂ ಆಗ್ತದೆ," ಎಂದು ಆ ಕಡೆಯಿಂದ ಉತ್ತರ ಬಂತು.

"ನೋಡಿ ಅಜ್ಜಾ, ಅವರಿಗೆ ಎಲ್ಲಾ ಚಲ್ತಾ ಹೈ," ಎಂದು ಮೊಮ್ಮಗಳು ಫೋನು ಇಡಹೊರಟಳು. "ಇಡಬೇಡ, ಇತ್ತ ಕೊಡು," ಎಂದು ಇಸಿದುಕೊಂಡೆ. ನಮಸ್ಕಾರ ಹೇಳಿ, ಎಲ್ಲಿಯೂ ಆಗ್ತದೆ ಎಂಬ ಮಾತು ಬೇಡ, ನಿಮಗೆ ಯಾವುದು ಕಷ್ಟ ಅದನ್ನು ಹೇಳಿ ಎಂದೆ. ಅವರು ನಕ್ಕರು. ಏನಿಲ್ಲ ಎಂದರು. ನಾನು ಕಾದೆ. ಆಮೇಲೆ ದನಿ ತಗ್ಗಿಸಿ, "ರಾತ್ರಿ ಎರಡು ಮೂರು ಸಲ ಏಳ್ಲಿಕ್ಕೆ ಉಂಟು ಮಾರಾಯ್ರೆ. ಬಚ್ಚಲು ಹತ್ತಿರ ಇದ್ದರೆ... ಮಕ್ಕಳತ್ರ ಹೇಳ್ಲಿಕ್ಕೆ ನಾಚಿಕೆ," ಎಂದರು.

ಮೊಮ್ಮಗಳ ಕಡೆ ತಿರುಗಿ, "ಬರೆದುಕೋ," ಎಂದೆ.